ಧಾರಾವಾಹಿ ಮುಗಿದ ಮೇಲೆ ಜೇನಿನ ಪುಸ್ತಕ

ಇವತ್ತು ಮಾಡಿದ ಕೆಲಸಗಳು: ನಳ ಬಂದಿತ್ತು, ಕೊಡಗಳನ್ನೂ ಹಿತ್ತಲ ಬ್ಯಾರಲ್ಲನ್ನೂ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಅತ್ತೆಯ ಕಣ್ಣಿಗೆ ಹನಿ ಹಾಕಿದೆ. ಶೇಂಗಾ ಹುರಿದು ಸಿಪ್ಪೆ ತೂರಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಟಿವಿಯ ಧೂಳು ಒರೆಸಿ, ಅದರ ಮೇಲೆ ಹೊದಿಸಲು ಗುಳೇದಗುಡ್ಡದ ಹಳೆಯ ಕುಪ್ಪಸದ ಖಣದ ತುಂಡೊಂದನ್ನು ಟ್ರಂಕಿನಿಂದ ಹುಡುಕಿ ತೆಗೆದೆ. ಬಾದಾಮಿಯ ತಂಗಿಗೆ ಫೋನು ಮಾಡಿದೆ. ಸಂಜೆ ಓದಿದೆ.

ನನ್ನ ತಂಗಿಗೆ ಒಂದು ಚಟವಿದೆ. ಏನು ನೋಡಬೇಕು, ಏನು ಓದಬೇಕು ಎಂಬುದನ್ನು ಮೊದಲು ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸುತ್ತಾಳೆ. “ಅಕ್ಕಾ, ನೀ ನೋಡಿ ಛಲೋ ಐತಿ ಅಂದ್ರ ನಾ ನೋಡತೇನಿ. ನನಗ ಪುರಸತ್ತ ಇಲ್ಲ” ಎನ್ನುತ್ತಾಳೆ. ನನಗೆ ಪುರಸೊತ್ತು ಇದೆ ಎಂದು ಅವಳ ಲೆಕ್ಕ. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ನಾವು ಮೂವರೇ, ನಾನು, ಯಜಮಾನರು, ಅತ್ತೆ. ಆದ್ದರಿಂದ ಈಚಿನ ದಿನಗಳಲ್ಲಿ ನೋಡಿದ್ದನ್ನೂ ಓದಿದ್ದನ್ನೂ ಬರೆದಿಡೋಣ ಎಂದು ಕುಳಿತೆ. ಬರೆಯಬೇಕಾದದ್ದು ನಿಜವಾಗಿ ಒಂದೇ ಒಂದು ಧಾರಾವಾಹಿಯ ಬಗ್ಗೆ ಮತ್ತು ಒಂದೇ ಒಂದು ಪುಸ್ತಕದ ಬಗ್ಗೆ. ಅದಕ್ಕೆ ಬರುವ ಮುಂಚೆ ಉಳಿದವನ್ನು ಹೇಳಿ ಮುಗಿಸುತ್ತೇನೆ.

ಅಡುಗೆ ಕಾರ್ಯಕ್ರಮ ಬಿಟ್ಟೆ. ಆ ಅಡುಗೆಮನೆಯಲ್ಲಿ ಹೊಗೆ ಇಲ್ಲ, ಎಣ್ಣೆ ಸಿಡಿಯುವುದಿಲ್ಲ, ಮಾಡಿದವಳು ಉಣ್ಣುವುದೂ ಇಲ್ಲ. ಚಮಚದ ತುದಿ ನೆಕ್ಕಿ ಕಣ್ಣು ಮುಚ್ಚುತ್ತಾಳೆ. ಸಮುದ್ರದ ತಳದ ಮೀನುಗಳದ್ದೊಂದು ಬರುತ್ತಿತ್ತು, ಅದನ್ನು ದನಿ ಪೂರ್ತಿ ಇಳಿಸಿ ನೋಡಿದೆ. ಬೆಳಕೇ ಮುಟ್ಟದ ಕಡೆ ಒಂದು ಮೀನು ತನ್ನ ಹಣೆಗೆ ತಾನೇ ದೀಪ ಕಟ್ಟಿಕೊಂಡು ಬಾಯಿ ತೆರೆದು ಸುಮ್ಮನೆ ಕಾಯುತ್ತಿರುತ್ತದೆ. ಆಮೇಲೆ ಎಷ್ಟೋ ಹೊತ್ತು ದೇವರ ಮುಂದಿನ ದೀಪವನ್ನು ನೋಡಲು ಮನಸ್ಸಾಗಲಿಲ್ಲ.

ಯಜಮಾನರು ನೋಡುವುದು ಖೂನಿಯ ಕಾರ್ಯಕ್ರಮ. ಊರಲ್ಲಿ ನಡೆದ ಖೂನಿಯನ್ನು ನಟರು ಮತ್ತೆ ಆಡಿ ತೋರಿಸುತ್ತಾರೆ. ಒಮ್ಮೆ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನಿಂತೆ.

“ಅಲ್ರೀ, ಈ ಮನಶ್ಯಾ ಹ್ವಾದ ವಾರ ಸತ್ತಿದ್ನಲ್ಲ? ಈಗ ಪೊಲೀಸ ಆಗಿ ಬಂದಾನ!”

“ಏ, ಅವ ಪಾತ್ರ ಮಾಡಾವ. ವಾರಕ್ಕೊಮ್ಮಿ ಸಾಯ್ತಾನ. ಹೊಟ್ಟಿಪಾಡು.”

ಮಂಚದ ಮೇಲಿಂದ ಅತ್ತೆ ನಡುವೆ ಬಾಯಿ ಹಾಕಿದರು: “ಸತ್ತಾವ ತಿರಗಿ ಬರೂದು ಟಿವಿಯಾಗಷ್ಟ ನೋಡ್ರಿ.”

ನಾವು ಮೂವರೂ ನಕ್ಕೆವು. ಆಗ ಧಾರಾವಾಹಿ ಇನ್ನೂ ಶುರುವಾಗಿರಲಿಲ್ಲ.

ಇನ್ನೊಂದು ದಿನ ಸುದ್ದಿಯಲ್ಲಿ ನಮ್ಮ ಬಾಗಲಕೋಟೆಯದೇ ಒಂದು ತುಣುಕು ಬಂತು. ಅಣೆಕಟ್ಟೆಯ ಹಿನ್ನೀರು ಇಳಿದಿತ್ತು. ಮುಳುಗಡೆಯಾದ ಓಣಿಗಳ ಕಟ್ಟೆಗಳು, ಒಂದು ಒಲೆಯ ಗುರುತು, ಗೋಡೆಯೇ ಇಲ್ಲದ ಒಂದು ಹೊಸ್ತಿಲು ಕೆಸರಿನಿಂದ ಎದ್ದು ಕಾಣುತ್ತಿದ್ದವು. ಅತ್ತೆಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ನಾನೇ ವಿವರಿಸಿದೆ. “ಹೊಸ್ತಲಾ ಯಾಕ ಬಿಟ್ಟ ಹ್ವಾದ್ರು?” ಎಂದರು. “ಮನಿ ಇಲ್ಲ ಅಂದ್ರೂ ಹೊಸ್ತಲ ಇದ್ರ ಯಾರರ ದಾಟಿ ಒಳಗ ಬರತಾರ.” ನಾನು ಚಾನಲ್ಲು ಬದಲಿಸಿದೆ.

ಓದಿದ್ದರಲ್ಲಿ ಒಂದು ಪತ್ತೇದಾರಿ ಕಾದಂಬರಿ. ಗ್ರಂಥಾಲಯದ ಪ್ರತಿ. ಕೊನೆಯ ಪುಟಗಳು ಕಿತ್ತುಹೋಗಿದ್ದವು. ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲೇ ಪೆನ್ಸಿಲ್ಲಿನಿಂದ ‘ಕೊಂದವನು ಕಂಪೌಂಡರ’ ಎಂದು ಬರೆದಿಟ್ಟಿದ್ದರು. ಓದಿದೆ. ಗೊತ್ತಿದ್ದೂ ಓದಿದ್ದರಿಂದ ಕಂಪೌಂಡರ ಇಂಜೆಕ್ಷನ್ನಿನ ಪೆಟ್ಟಿಗೆ ಹಿಡಿದು ಬಾಗಿಲು ತಟ್ಟಿದಾಗಲೆಲ್ಲ ನನ್ನ ಅಂಗೈ ಬೆವರುತ್ತಿತ್ತು. ತಂಗಿಗೆ ಹೇಳಿದೆ: ಕೊನೆ ಇಲ್ಲದಿದ್ದರೂ ನಡೆಯುತ್ತದೆ, ಓದು. ಒಂದು ಕಥಾಸಂಕಲನ ಅರ್ಧಕ್ಕೆ ನಿಲ್ಲಿಸಿದೆ, ಅಕ್ಷರ ಸಣ್ಣವು.

ಇನ್ನು ಧಾರಾವಾಹಿ. ಹಿಂದಿಯದು, ಕನ್ನಡದ ದನಿ ಕೂಡಿಸಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕುತ್ತಿದ್ದರು. ದೊಡ್ಡ ಹವೇಲಿ, ಮೇಲಿನ ಅಂತಸ್ತಿನಲ್ಲಿ ಕೀಲಿ ಹಾಕಿದ ಒಂದು ಕೋಣೆ, ಅದರೊಳಗಿನಿಂದ ಒಂದು ಹುಡುಗಿಯ ದನಿ. ಹುಡುಗಿಯನ್ನು ಒಮ್ಮೆಯೂ ತೋರಿಸಲಿಲ್ಲ. ಬಾಗಿಲು ತೋರಿಸುತ್ತಿದ್ದರು, ಒಳಗಿನಿಂದ “ಅಮ್ಮಾ… ಎಲ್ಲಿದ್ದೀಯಾ ಅಮ್ಮಾ…” ಎಂದು ಕೇಳುತ್ತಿತ್ತು. ಒಡವೆ ಹೇರಿಕೊಂಡ ಹೆಂಗಸರು ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಅಷ್ಟರಲ್ಲಿ ಸಾಬೂನಿನ ಜಾಹೀರಾತು. ಹೆದರಿಕೆಗಿಂತ ನಗೆಯೇ ಬರಬೇಕು, ಅಂಥದ್ದು.

ಮೊದಲ ಸಲ ಆ ದನಿ ಬಂದಾಗ ಅತ್ತೆ ಬೆರಳಲ್ಲಿ ತಡವಿ ಹೆಸರು ಕಾಳು ಆರಿಸುತ್ತಿದ್ದರು. ಕಾಳಿನ ಮೊರ ಕೆಳಗಿಟ್ಟರು. ಮುಖವನ್ನು ಟಿವಿಯ ಕಡೆಗಲ್ಲ, ಬಾಗಿಲಿನ ಕಡೆಗೆ ತಿರುಗಿಸಿದರು.

“ಏನಾತ್ರಿ?” ಎಂದೆ.

“ಮಾತು ಟಿವಿಯಾಗಿನವು,” ಎಂದರು. “ದನಿ ನಮ್ಮಾಕೀದು.”

ನಮ್ಮಾಕಿ ಎಂದರೆ ಅವರ ಮಗಳು, ನನ್ನ ನಾದಿನಿ. ನಾನು ಈ ಮನೆಗೆ ಸೊಸೆಯಾಗಿ ಬರುವ ಮುಂಚೆಯೇ ಇಳಕಲ್ಲಿನಲ್ಲಿ ಜ್ವರ ಬಂದು ತೀರಿಕೊಂಡವಳು. ಅವಳದೊಂದು ಫೋಟೋ ಇದೆ, ಬಾಯಿ ಬಿಗಿಹಿಡಿದು ನಿಂತದ್ದು. ದನಿಯನ್ನು ಹಿಡಿದಿಡುವ ಯಂತ್ರ ಆ ಮನೆಯಲ್ಲಿ ಇರಲಿಲ್ಲ. ಆದ್ದರಿಂದ ಆ ದನಿ ಹೇಗಿತ್ತು ಎಂಬುದನ್ನು ಬಲ್ಲವರು ಈ ಮನೆಯಲ್ಲಿ ಇಬ್ಬರೇ, ಅವಳ ತಾಯಿ ಮತ್ತು ಅವಳ ಅಣ್ಣ. ನಾನು ಕೇಳಿಯೇ ಇಲ್ಲ.

ಅತ್ತೆಯ ಮನೆಯವರು ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ಇಳಕಲ್ಲ ಸೀರೆಯ ಸೆರಗಿನ ಎಳೆಗಳೇ ಬೇರೆ, ಒಡಲಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಹಾಕುವಾಗ ಅತ್ತೆ ಮಾತಾಡುತ್ತಿರಲಿಲ್ಲವಂತೆ, ಮಾತಾಡಿದರೆ ಎಳೆ ತಪ್ಪುತ್ತದೆ. ಯಾರಾದರೂ ಕರೆದರೆ ಬಾಯಿಂದ ಓ ಎನ್ನದೆ ಬೆರಳ ಗೆಣ್ಣಿನಿಂದ ಮಗ್ಗದ ಮರಕ್ಕೆ ಎರಡು ಸಲ ಬಡಿಯುವುದು ರೂಢಿ. ‘ಇಲ್ಲೇ ಅದೇನಿ, ತಡಿ’ ಎಂದು ಅದರ ಅರ್ಥ. ಮಗಳು ಒಳಗಿನಿಂದ “ಯವ್ವಾ, ಉಣ್ಣಾಕ ಬಾ” ಎನ್ನುವುದು, ತಾಯಿ ಟಕ್ ಟಕ್ ಎನ್ನಿಸುವುದು. ಕರೆದವರಿಗೆ ಮಾತ್ರ ಆ ಉತ್ತರ. ಯಾರೂ ಕರೆಯದೆ ಮರಕ್ಕೆ ಬಡಿಯುತ್ತಿರಲಿಲ್ಲ.

ಆವತ್ತು ಸಂಜೆ ಟಿವಿಯಲ್ಲಿ ದನಿ ಇನ್ನೊಮ್ಮೆ “ಅಮ್ಮಾ” ಎಂದಿತು. ಅತ್ತೆ ಮಂಚದ ಪಟ್ಟಿಗೆ ಎರಡು ಸಲ ಬಡಿದರು.

ಅಂದಿನಿಂದ ದಿನಾ ಹಾಗೆಯೇ. ಕೆಲವು ಸಲ ಅವರು ಬಡಿದ ಕೂಡಲೇ ದನಿ ಸುಮ್ಮನಾಗುತ್ತಿತ್ತು, ಉತ್ತರ ಸಿಕ್ಕಿತು ಎಂಬಂತೆ. ಬರೆದವರು ಅಲ್ಲಿ ಬಿಡುವು ಇಟ್ಟಿರುತ್ತಾರೆ, ಅಷ್ಟೇ ಎಂದು ನನಗೆ ಗೊತ್ತು. ಸಂಚಿಕೆಯ ಕೊನೆಗೆ ಹೆಸರುಗಳು ಓಡುವಾಗ ಆ ದನಿ ಯಾರದೆಂದು ನೋಡಲು ಟಿವಿಯ ಹತ್ತಿರವೇ ನಿಂತೆ. ಮುಖವಿದ್ದವರ ಹೆಸರು ಬಂದವು. ಆ ದನಿಯವಳ ಹೆಸರು ಬರಲಿಲ್ಲ.

ಯಜಮಾನರನ್ನು ಕೇಳಿದೆ. “ಖರೆ ಹೇಳ್ರಿ, ನಿಮ್ಮ ತಂಗೀ ದನಿ ಹಂಗ ಇತ್ತೇನು?”

“ನಂಗೇನೂ ಹಂಗ ಅನಸೂದಿಲ್ಲ,” ಎಂದರು. “ಮುಖಾ ನೆನಪಿರತಾವ, ದನಿ ಎಲ್ಲಿ ನೆನಪಿರತಾವ? ಅವ್ವಗ ವಯಸ್ಸಾತು.”

ಆದರೆ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಅವರಿಗೆ ಹಾಲು ತರುವ ಕೆಲಸ ಬೀಳತೊಡಗಿತು. ಮನೆಯಲ್ಲಿ ಹಾಲು ಇದ್ದ ದಿನವೂ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು.

ನಾನು ದಿನಾ ಅತ್ತೆಯ ಪಕ್ಕದಲ್ಲೇ ಕುಳಿತು ನೋಡಿದೆ. ಅವರು ಒಬ್ಬರೇ ಕುಳಿತು ಮಂಚ ಬಡಿಯುವುದನ್ನು ಅಡುಗೆಮನೆಯಿಂದ ಕೇಳುವುದಕ್ಕಿಂತ ಅದೇ ವಾಸಿ. ಹಾಗೆ ನೋಡಿದರೆ ಅತ್ತೆ ಆ ದಿನಗಳಲ್ಲಿ ಚೆನ್ನಾಗಿಯೇ ಇದ್ದರು. ಸಂಜೆಗೆ ಮುಖ ತೊಳೆದು ತಲೆ ಬಾಚಿಕೊಂಡು ಕೂಡುತ್ತಿದ್ದರು. ಧಾರಾವಾಹಿ ಮುಗಿದ ಕೂಡಲೇ ರೊಟ್ಟಿ ಕೇಳುತ್ತಿದ್ದರು, ಮೊದಲಿಗಿಂತ ಹೆಚ್ಚೇ ಉಣ್ಣುತ್ತಿದ್ದರು. ಮಗಳು ಕರೆದಾಳ, ಉಣ್ಣಬೇಕು, ಅವರಿಗೆ ಅಷ್ಟೇ.

‘ಅಂತಿಮ ವಾರ’ ಎಂದು ಪರದೆಯ ಕೆಳಗೆ ಪಟ್ಟಿ ಓಡತೊಡಗಿದಾಗ ನಾನು ಅದನ್ನು ಅವರಿಗೆ ಓದಿ ಹೇಳಲಿಲ್ಲ.

ಕೊನೆಯ ಸಂಚಿಕೆಯಲ್ಲಿ ಕೋಣೆಯ ಕೀಲಿ ತೆಗೆದರು. ಒಳಗೆ ಯಾರೂ ಇರಲಿಲ್ಲ. ಕಿಟಕಿಯಿಂದ ಬೆಳಕು ಬಂತು, ವಾದ್ಯ ಬಾರಿಸಿದರು, ಹುಡುಗಿಗೆ ಮುಕ್ತಿ ಸಿಕ್ಕಿತು ಎಂದು ಪೂಜಾರಿ ಹೇಳಿದ. ಹೆಂಗಸರು ಅತ್ತರು. ದನಿ ಬರಲೇ ಇಲ್ಲ. ಅತ್ತೆ ಕಾಯುತ್ತ ಕುಳಿತಿದ್ದರು, ಕೈ ಮಂಚದ ಪಟ್ಟಿಯ ಮೇಲೆ. ಮುಂದಿನ ನಗೆ ಕಾರ್ಯಕ್ರಮದ ಕುಣಿತ ಶುರುವಾಯಿತು.

“ಇವತ್ತ ಕರೀಲಿಲ್ಲಲ್ಲ,” ಎಂದರು.

“ಮುಗೀತ್ರಿ ಅತ್ತೀ. ಇನ್ನ ಅದು ಬರೂದಿಲ್ಲ.”

“ಆಕಿ ಕರೀಲಾರದ ನಾ ಹೆಂಗ ಉಣ್ಲಿ?”

ತಮಾಷೆ ಎಂದುಕೊಂಡೆ. ಆದರೆ ಆವತ್ತು ಉಣ್ಣಲಿಲ್ಲ. ಮರುದಿನ ಚಹಾ ಕುಡಿದರು, ಎರಡು ಚಮಚ ಗಂಜಿ. ಅದರ ಮರುದಿನ ಚಹಾ ಅಷ್ಟೇ. ಹಠವಲ್ಲ, ಸಿಟ್ಟಲ್ಲ, ತಾಟು ಮುಂದಿಟ್ಟರೆ ಅದು ಬೇರೆ ಯಾರಿಗೋ ಇಟ್ಟದ್ದು ಎಂಬಂತೆ ನೋಡುತ್ತಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆ ಬರಿ ಹೊಟ್ಟೆಯಲ್ಲಿ ಕೊಡುವಂತಿಲ್ಲ, ಕೊಡದೆ ಬಿಡುವಂತೆಯೂ ಇಲ್ಲ. ದವಾಖಾನೆಗೆ ಕರೆದೊಯ್ದೆವು. ಹೀಗೇ ಊಟ ಬಿಟ್ಟರೆ ದಾಖಲು ಮಾಡಬೇಕಾಗುತ್ತದೆ, ಈ ವಯಸ್ಸಿಗೆ ತಡೆಯುವುದಿಲ್ಲ ಎಂದು ಡಾಕ್ಟರು ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದರು. ನನಗೂ ಕೇಳಿಸಿತು.

“ಊಟಾ ಬಿಟ್ಟು ಯಾರನ್ನ ಹೆದರಸಾಕತ್ತೀರಿ?” ಎಂದು ಗದರಿದೆ.

“ನಿನ್ನ ಅಲ್ಲಬೇ. ನನಗ ಹಸಿವಿಲ್ಲ ಅಷ್ಟ.”

ತಂಗಿ ಫೋನಿನಲ್ಲಿ ಉಪಾಯ ಹೇಳಿದಳು. ಹಳೆಯ ಸಂಚಿಕೆಗಳು ಮೊಬೈಲಿನಲ್ಲಿ ಸಿಗುತ್ತವೆ, ಹಚ್ಚಿ ಕೇಳಿಸು ಎಂದಳು. ಹಚ್ಚಿದೆ. ಅದೇ ಬಾಗಿಲು, ಅದೇ “ಅಮ್ಮಾ”. ಅತ್ತೆ ತಲೆ ಅಲ್ಲಾಡಿಸಿದರು. “ಇದು ಡಬ್ಬ್ಯಾಗಿನ ದನಿ. ಆಕೀದಲ್ಲ. ಬಂದ ಮಾಡು.”

ಆಗ ಪುಸ್ತಕ ತೆಗೆದುಕೊಂಡೆ. ಹೆಚ್ಚೇನೂ ಯೋಚಿಸಿರಲಿಲ್ಲ. ಧಾರಾವಾಹಿಯ ಆ ಹೊತ್ತು ಮನೆಯಲ್ಲಿ ದೊಡ್ಡ ಪಾತ್ರೆಯಂತೆ ಖಾಲಿ ಬಿದ್ದಿರುತ್ತಿತ್ತು, ಏನಾದರೂ ತುಂಬಬೇಕಿತ್ತು. ನಾನು ಯಾವಾಗಲೂ ಮನಸ್ಸಿನಲ್ಲೇ ಓದುವವಳು, ಗಟ್ಟಿಯಾಗಿ ಓದಿದ್ದು ಸಾಲೆಯಲ್ಲೇ ಕೊನೆ. ಕೈಗೆ ಸಿಕ್ಕಿದ್ದು ಜೇನು ಸಾಕುವುದರ ಬಗ್ಗೆ ಒಂದು ಹಳೆಯ ಪುಸ್ತಕ. ಗ್ರಂಥಾಲಯದಲ್ಲಿ ಬೇರೇನೂ ಬೇಡವಾಗಿ, ದೊಡ್ಡ ಅಕ್ಷರ ಎಂದು ತಂದದ್ದು. ರಟ್ಟು ಹೋಗಿ ಗೋಣಿದಾರದಿಂದ ಹೊಲಿದಿದ್ದರು. ಪೆಟ್ಟಿಗೆ ಹೇಗಿರಬೇಕು, ಯಾವ ದಿಕ್ಕಿಗೆ ಇಡಬೇಕು, ಹೊಗೆ ಎಷ್ಟು ಹಾಕಬೇಕು, ಎಲ್ಲ ಕಡ್ಡಿ ಮುರಿದಂತೆ ಬರೆದಿದ್ದರು.

ಮೊದಲ ದಿನ ಅತ್ತೆ ಗೋಡೆಯ ಕಡೆ ಹೊರಳಿದರು. ನಿನ್ನೆ ಎರಡನೆಯ ದಿನ. ರಾಣಿ ಹುಳದ ಅಧ್ಯಾಯ. ‘ರಾಣಿ ಇಲ್ಲವಾದ ಗೂಡನ್ನು ತೆರೆದು ನೋಡದೆಯೂ ತಿಳಿಯಬಹುದು. ಒಳಗಿನ ಸದ್ದು ಬದಲಾಗಿರುತ್ತದೆ’ ಎಂದು ಓದಿ ಪುಟ ತಿರುಗಿಸಲು ಬೆರಳು ಒದ್ದೆ ಮಾಡಿಕೊಂಡೆ.

ಟಕ್ ಟಕ್.

ಪುಸ್ತಕದಿಂದ ತಲೆ ಎತ್ತಿದೆ. ಅತ್ತೆ ನನ್ನ ಕಡೆ ಹೊರಳಿದ್ದರು. ಬೆರಳ ಗೆಣ್ಣು ಮಂಚದ ಪಟ್ಟಿಯ ಮೇಲೆಯೇ ಇತ್ತು.

“ಯಾರು ಕರದಾರ್ರಿ?”

“ನೀನ. ‘ಯವ್ವಾ’ ಅಂದ್ಯಲ್ಲ.”

ನಾನು ಅವರನ್ನು ಒಂದು ದಿನವೂ ಯವ್ವಾ ಎಂದವಳಲ್ಲ. ಮದುವೆಯಾದಂದಿನಿಂದ ಅತ್ತಿ ಎಂದೇ ಕರೆದದ್ದು. ಪುಟವನ್ನು ಮೇಲಿಂದ ಕೆಳಗೆ ನೋಡಿದೆ. ಹುಳ, ಗೂಡು, ಮೇಣ, ಪೆಟ್ಟಿಗೆ. ಆ ಪದ ಅಲ್ಲಿ ಇರಲಿಲ್ಲ.

“ಓದ, ನಿಲ್ಲಸಬ್ಯಾಡ,” ಎಂದರು. “ಆ ದನೀಲೆನ ಓದು.”

ಓದಿದೆ. ಓದುತ್ತ ನನ್ನ ದನಿಯನ್ನು ನಾನೇ ಕಿವಿಗೊಟ್ಟು ಕೇಳತೊಡಗಿದೆ. ಹಾಗೆ ಕೇಳತೊಡಗಿದರೆ ಯಾರ ದನಿಯಾದರೂ ಬೇರೆಯವರದೆನಿಸುತ್ತದೆ, ಅದು ನನಗೆ ಗೊತ್ತು. ಬಾದಾಮಿಯ ಹೊಂಡದ ದಂಡೆಯಲ್ಲಿ ನಿಂತು ನಾನೂ ತಂಗಿಯೂ ಎದುರಿನ ಬಂಡೆಗೆ ಕೂಗುತ್ತಿದ್ದೆವು. ಬಂಡೆ ಮರಳಿಸಿದ್ದು ತನ್ನ ದನಿಯಲ್ಲ, ಒಳಗೆ ಯಾರೋ ದೊಡ್ಡ ಹೆಂಗಸು ಇದ್ದಾಳೆ ಎಂದು ತಂಗಿ ಅಳುತ್ತಿದ್ದಳು. ನಾನು ಅವಳಿಗೆ ಸಮಾಧಾನ ಹೇಳಿ, ಆಮೇಲೆ ಎಷ್ಟೋ ದಿನ ಒಬ್ಬಳೇ ಆ ಕಡೆ ಹೋಗದೆ ತಪ್ಪಿಸಿಕೊಂಡೆ.

ಪಾಠ ಮುಗಿದ ಮೇಲೆ ಅತ್ತೆ ಅರ್ಧ ರೊಟ್ಟಿ ಹಾಲಲ್ಲಿ ನೆನೆಸಿಕೊಂಡು ಉಂಡರು.

ಇವತ್ತು ಮುಂಜಾನೆ ಅದಕ್ಕೇ ತಂಗಿಗೆ ಫೋನು ಮಾಡಿದ್ದು. “ಕೇಳಿಲ್ಲೆ,” ಎಂದು ಪುಸ್ತಕದ ಒಂದು ತುಣುಕು ಓದಿದೆ. “ದನಿ ಯಾರದ ಐತಿ?”

“ನಿಂದ! ಮತ್ಯಾರದಿರತೈತಿ?” ಎಂದಳು. “ಯಾಕ, ಜೇನ ಸಾಕಾಕತ್ತೀಯೇನ? ನನಗೊಂದ ಬಾಟ್ಲಿ ತಗದಿಡು.”

ಮನಸ್ಸು ಹಗುರಾಯಿತು. ಮಗಳನ್ನು ಕಳೆದುಕೊಂಡ ಮುದುಕಿಯ ಕಿವಿ, ಬೇಕಾದದ್ದನ್ನು ಕೇಳಿಸಿಕೊಳ್ಳುತ್ತದೆ. ನಾನೂ ಎಷ್ಟೊಂದು ದಿನ ಆ ಧಾರಾವಾಹಿ ಕೇಳಿದ್ದೇನೆ, ಅದರ ಎಳೆತ ಸ್ವಲ್ಪ ನನ್ನ ಓದಿಗೂ ಹತ್ತಿರಬೇಕು. ಹೀಗೆಂದುಕೊಂಡು ಗಿರಣಿಗೆ ಹೋದೆ, ಶೇಂಗಾ ಹುರಿದೆ, ಗುಂಡಿ ಹಚ್ಚಿದೆ.

ಸಂಜೆ ದೀಪ ಹಚ್ಚಿ ಓದಲು ಕುಳಿತೆ. ಟಿವಿಗೆ ಖಣ ಹೊದಿಸಿದ್ದೆ. ಯಜಮಾನರು ಹಾಲಿಗೆ ಹೋಗಿದ್ದರು. ಇವತ್ತಿನದು ಹಿಂಡು ಗೂಡು ಬಿಟ್ಟು ಹೋಗುವುದರ ಬಗ್ಗೆ. ಹೋಗುವ ಮುಂಚೆ ಕೆಲವು ಹುಳ ಹೊರಗೆ ಹೋಗಿ ಜಾಗ ನೋಡಿ ಬರುತ್ತವಂತೆ. ಓದಿನ ನಡುವೆ ಅತ್ತೆ ಮೂರು ಸಲ ಮಂಚಕ್ಕೆ ಟಕ್ ಟಕ್ ಎಂದು ಬಡಿದರು. ಒಂದು ಸಲವೂ ನಾನು ಓದು ನಿಲ್ಲಿಸಲಿಲ್ಲ. ಮೂರನೆಯ ಸಲ ಬಡಿದಾಗ ಗೇಟಿನ ಹತ್ತಿರ ಏನೋ ಅಲುಗಿದಂತಾಗಿ ಕಿಟಕಿಯ ಕಡೆ ನೋಡಿದೆ.

ಯಜಮಾನರು ಅಂಗಳದಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹಾಲಿನ ಪಾಕೀಟು, ಇನ್ನೊಂದು ಕೈಯಲ್ಲಿ ಬಿಚ್ಚಿ ಹಿಡಿದ ಚಪ್ಪಲಿ. ಸದ್ದಾಗಬಾರದೆಂದು ಬಿಚ್ಚಿದ್ದರು. ಪಾಕೀಟಿನಿಂದ ನೀರು ತೊಟ್ಟಿಕ್ಕಿ ಕಾಲ ಬಳಿ ನೆಲ ಒದ್ದೆಯಾಗಿತ್ತು, ಬಂದು ಬಹಳ ಹೊತ್ತಾಗಿರಬೇಕು.

ಪುಸ್ತಕ ಹಿಡಿದೇ ಬಾಗಿಲಿಗೆ ಹೋದೆ. “ಯಾಕ ಹೊರಗ ನಿಂತೀರಿ? ಒಳಗ ಬರ್ರಿ.”

ಅವರು ನನ್ನ ಮುಖ ನೋಡಲಿಲ್ಲ. ಒಳಗೆ ಬಂದರು, ಹಾಲು ಕಟ್ಟೆಯ ಮೇಲಿಟ್ಟರು, ಅತ್ತೆಯ ಮಂಚದ ಹತ್ತಿರ ನೆಲಕ್ಕೆ ಕುಳಿತರು. ದನಿ ಎಲ್ಲಿ ನೆನಪಿರತಾವ ಎಂದವರು ಇವರೇ. ತಲೆ ತಗ್ಗಿಸಿಕೊಂಡೇ ಕೇಳಿದರು:

“ಇನ್ನೊಂದ ಪುಟಾ ಓದತೀಯೇನು?”

ಇವರ ಕಿವಿಗೆ ವಯಸ್ಸಾಗಿಲ್ಲ. ಎಂದೂ ಕೇಳದ ಒಬ್ಬಳ ದನಿ ನನ್ನ ಬಾಯಿಗೆ ಹೇಗೆ ಬಂತು ಎಂದು ಯಾರನ್ನು ಕೇಳಲಿ? ಓದುವುದಿಲ್ಲ ಎಂದು ಪುಸ್ತಕ ಮುಚ್ಚಿಬಿಡಬಹುದಿತ್ತು. ನಾಳೆಯೇ ಗ್ರಂಥಾಲಯಕ್ಕೆ ಮರಳಿಸಿಬಿಡಬಹುದಿತ್ತು. ಅಷ್ಟರಲ್ಲಿ ಅತ್ತೆ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು.

“ಓದಿ ಮುಗಿಸಿ ರೊಟ್ಟಿ ಹಾಕ. ಹಸದೇನಿ,” ಎಂದರು.

ಓದಿದೆ. ಒಂದಲ್ಲ, ಆ ಅಧ್ಯಾಯ ಮುಗಿಯುವವರೆಗೆ ಓದಿದೆ. ಅಣ್ಣನೂ ತಾಯಿಯೂ ಅಲ್ಲಾಡದೆ ಕೇಳಿದರು, ಹೊಗೆ ಹಾಕಿ ಹಿಂಡನ್ನು ಮತ್ತೆ ಪೆಟ್ಟಿಗೆಗೆ ಇಳಿಸುವ ಕ್ರಮವನ್ನು.

ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಇವತ್ತೇ ಕುಟ್ಟಿದ ಶೇಂಗಾ ಚಟ್ನಿ, ಮೊಸರು. ಅತ್ತೆ ಒಂದೂವರೆ ರೊಟ್ಟಿ ಉಂಡರು, ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು, ಉಪ್ಪು ಕಡಿಮೆ ಎಂದರು. ಗುಳಿಗೆ ನುಂಗಿದರು. ಯಜಮಾನರು ಉಂಡು ತಾಟು ತಾವೇ ತೊಳೆದಿಟ್ಟರು. ನಾನು ಕಡೆಗೆ, ಒಲೆಯ ಹತ್ತಿರ ನಿಂತೇ ಉಂಡೆ.

ಹಾಸಿಗೆ ಹಾಸಿ ಅತ್ತೆಗೆ ದಿನಾ ‘ಮಲಗ್ರಿ ಅತ್ತೀ’ ಎನ್ನುತ್ತೇನೆ. ಯಾರ ದನಿ ಹೊರಡುತ್ತದೋ ಎಂದು ಇವತ್ತು ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಮಂಚದ ಪಟ್ಟಿಗೆ ಎರಡು ಸಲ ಬಡಿದೆ. ಅವರೂ ಎರಡು ಸಲ ಬಡಿದು ಗೋಡೆಯ ಕಡೆ ಹೊರಳಿದರು. ಮೊದಲು ನಿದ್ದೆ ಹೋದವರು ಅವರು.